ನಡುರಾತ್ರಿಯ ಸವಾಲು

2022ರ ಜುಲೈ ತಿಂಗಳ ಒಂದು ಸೋಮವಾರ. ಸೋಮವಾರವೆಂದರೆ ಇನ್ನೂ ಬೆಳಗಾಗಿರಲಿಲ್ಲ, ರಾತ್ರಿ ಎರಡು ಗಂಟೆ ಮೂವತ್ತೇಳು ನಿಮಿಷ. ಹೊರಗೆ ಮಲೆನಾಡಿನ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಒಳಗೆ ಐವತ್ತು ದಾಟಿದ ಹೈಸ್ಕೂಲು ಮೇಷ್ಟರೊಬ್ಬರು ಕಂಪ್ಯೂಟರಿನ ಎದುರು ಕುಳಿತು ಆ ಚಳಿಯಲ್ಲೂ ಬೆವರುತ್ತಿದ್ದರು.

“ರೀ, ಇನ್ನೂ ಮಲಗ್ಲಿಲ್ವಾ?” ಒಳಕೋಣೆಯಿಂದ ನನ್ನಾಕೆಯ ದನಿ.

“ಸವಾಲು ನಡೀತಿದೆ ಮಾರಾಯ್ತಿ. ಇನ್ನು ಮೂರೇ ನಿಮಿಷ.”

“ಈ ಹೊತ್ತಲ್ಲಿ ಯಾವ ದೇವಸ್ಥಾನದ್ದು?”

ದೇವಸ್ಥಾನದ್ದಲ್ಲ, ಅಮೆರಿಕದ್ದು. ಅಲ್ಲಿ ಭಾನುವಾರ ಸಂಜೆ ಐದು ಗಂಟೆ. ಜನ ಮನೆಯಲ್ಲಿರುವ ಹೊತ್ತೆಂದು ಅಲ್ಲಿನ ಮಾರಾಟಗಾರರು ಹರಾಜು ಮುಗಿಯುವ ವೇಳೆಯನ್ನು ಭಾನುವಾರದ ಸಂಜೆಗೇ ಇಡುವುದು ಹೆಚ್ಚು. ಹರಾಜಿನಲ್ಲಿದ್ದುದು ದೊಡ್ಡ ಕ್ಯಾಮೆರಾಕ್ಕೆ ಬೇಕಾದ 150 ಮಿಲಿಮೀಟರಿನ ಒಂದು ಹಳೆಯ ಮಸೂರ. 120 ಡಾಲರಿಗಿಂತ ಒಂದು ಕಾಸೂ ಹೆಚ್ಚು ಕೂಗುವುದಿಲ್ಲವೆಂದು ಸಂಜೆಯೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ‘ನಿಮಗಿಂತ ಹೆಚ್ಚು ಕೂಗಿದವರಿದ್ದಾರೆ’ ಎಂದು ಪರದೆ ಹೇಳಿದಾಗ 150 ಎಂದೆ. ಮತ್ತೆ ಹೇಳಿತು, 200 ಎಂದೆ. ಗಡಿಯಾರ ಸೊನ್ನೆಗೆ ಬಂದಾಗ ಮಸೂರ 187.50 ಡಾಲರಿಗೆ ನನ್ನದಾಗಿತ್ತು. ಆಗಿನ ಲೆಕ್ಕದಲ್ಲಿ ಹತ್ತಿರಹತ್ತಿರ 15 ಸಾವಿರ ರೂಪಾಯಿ. ಗೆದ್ದೆನೆಂದು ಪರದೆ ಅಭಿನಂದಿಸಿತು. ಸೋತದ್ದು ತಿಳಿಯಲು ಮೂರೂವರೆ ತಿಂಗಳು ಬೇಕಾಯಿತು.

ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ನಮ್ಮ ಶಾಲೆಯ ಕಚೇರಿಯ ಗೋಡೆಯಲ್ಲಿ 1962ರ ಒಂದು ಗುಂಪುಚಿತ್ರ ತೂಗುತ್ತಿದೆ. ನಾಲ್ಕು ಸಾಲು, ಅರುವತ್ತಮೂರು ಹುಡುಗರು, ಏಳು ಹುಡುಗಿಯರು, ಮಧ್ಯೆ ಕೋಟು ಪೇಟದ ಹೆಡ್‌ಮಾಸ್ತರರು. ಭೂತಗನ್ನಡಿ ಹಿಡಿದು ನೋಡಿದರೆ ಹಿಂದಿನ ಸಾಲಿನ ಹುಡುಗನ ಅಂಗಿಯ ಗುಂಡಿಗೆ ಹಾಕಿದ ದಾರ ಕಾಣುತ್ತದೆ! ಮೊಮ್ಮಕ್ಕಳನ್ನು ಸೇರಿಸಲು ಬಂದ ಅಜ್ಜಂದಿರು ಅದರೆದುರು ನಿಂತು ತಮ್ಮನ್ನು ತಾವೇ ಹುಡುಕಿಕೊಳ್ಳುತ್ತಾರೆ. ಇತ್ತೀಚಿನ ಹತ್ತು ವರ್ಷಗಳ ತಂಡಗಳ ಚಿತ್ರ ಎಲ್ಲಿದೆಯೆಂದು ಕೇಳಿದರೆ ಅದು ಯಾರದೋ ಮೊಬೈಲಿನಲ್ಲಿತ್ತು, ಆ ಮೊಬೈಲು ಹಾಳಾಯಿತು. ಮಕ್ಕಳಾದರೂ ಎಷ್ಟು? 2023ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು ಹನ್ನೊಂದು ಜನ. ಹೀಗೇ ಇಳಿಯುತ್ತ ಹೋದರೆ ಶಾಲೆ ಎಷ್ಟು ವರ್ಷ ಉಳಿಯುತ್ತದೆಂದು ಲೆಕ್ಕ ಹಾಕಲು ಗಣಿತದ ಮೇಷ್ಟ್ರೇ ಬೇಕೆಂದಿಲ್ಲ. ನಾನು ನಿವೃತ್ತನಾಗುವ ಮೊದಲು ಉಳಿದಿರುವ ತಂಡಗಳನ್ನಾದರೂ ಅಂಥದೇ ಕ್ಯಾಮೆರಾದಲ್ಲಿ ಹಿಡಿದಿಡಬೇಕೆಂಬುದು ನನ್ನ ಆಸೆ.

ದೊಡ್ಡ ಕ್ಯಾಮೆರಾದ ಗುಟ್ಟು ಬಹಳ ಸರಳ. ಮಾಮೂಲಿ ರೀಲಿನ ಒಂದು ಚಿತ್ರ 24×36 ಮಿಲಿಮೀಟರ್. 4×5 ಇಂಚಿನ ಹಾಳೆಯಲ್ಲಿ ಚಿತ್ರ ಬೀಳುವ ಜಾಗ ಅದರ ಸುಮಾರು 13 ಪಟ್ಟು. ಗೋಡೆಗೆ ಹಾಕುವ 16×20 ಇಂಚಿನ ಪ್ರತಿ ಮಾಡಲು ರೀಲನ್ನು 17 ಪಟ್ಟು ಹಿಗ್ಗಿಸಬೇಕು, ಹಾಳೆಯನ್ನು ನಾಲ್ಕೇ ಪಟ್ಟು. ಹಿಗ್ಗಿಸಿದಷ್ಟೂ ಮಸುಕು. ಯಂತ್ರವಾದರೂ ಏನು? ಮುಂದೊಂದು ಹಲಗೆ, ಅದರಲ್ಲಿ ಮಸೂರ. ಹಿಂದೊಂದು ಹಲಗೆ, ಅದರಲ್ಲಿ ಉಜ್ಜಿದ ಗಾಜು. ಮಧ್ಯೆ ಹಾರ್ಮೋನಿಯಮ್ಮಿನಂಥ ಕಪ್ಪು ತಿದಿ. ಒಂಬತ್ತನೇ ತರಗತಿಯ ಹುಡುಗನೂ ಅರ್ಥಮಾಡಿಕೊಳ್ಳಬಲ್ಲ.

ಮೊದಲು ಊರಿನಲ್ಲೇ ಹುಡುಕಿದೆ. ಪೇಟೆಯ ಹಳೆಯ ಸ್ಟುಡಿಯೋದ ಮರದ ಕ್ಯಾಮೆರಾ ಎಂದೋ ಬೆಂಗಳೂರಿನ ಹಳೆಸಾಮಾನಿನವರ ಪಾಲಾಗಿ, ಈಗ ಯಾವುದೋ ಹೋಟೆಲಿನ ಮೂಲೆಯಲ್ಲಿ ಅಲಂಕಾರಕ್ಕೆ ನಿಂತಿದೆಯಂತೆ. ನಮ್ಮ ದೇಶದಲ್ಲೂ ಇವು ತಯಾರಾಗುತ್ತಿದ್ದವೆಂದು ಎಷ್ಟು ಜನರಿಗೆ ಗೊತ್ತು? ಕೇರಳದ ಆಲಪ್ಪುಳದಲ್ಲಿ ಸಂಗೀತ ವಾದ್ಯಗಳ ಕೆಲಸದ ಮನೆತನದ ಕೆ. ಕರುಣಾಕರನ್ ಅವರು 1940ರ ದಶಕದಲ್ಲಿ ‘ವಾಗೀಶ್ವರಿ’ ಎಂಬ ಮರದ ಕ್ಯಾಮೆರಾ ಕಟ್ಟಿದರು. ಛಾಯಾಗ್ರಾಹಕರೊಬ್ಬರು ಹರಿದ ತಿದಿಯನ್ನು ಸರಿಮಾಡಿಸಲು ಬಂದದ್ದೇ ಅದಕ್ಕೆ ಮೂಲವಂತೆ. ಅದು ದೇಶದ ಎಷ್ಟೋ ಸ್ಟುಡಿಯೋಗಳಲ್ಲಿ ದಶಕಗಟ್ಟಲೆ ದುಡಿಯಿತು. ಈಗ ಸಿಕ್ಕರೆ ಸಂಗ್ರಾಹಕರ ಬೆಲೆ, ಮೇಷ್ಟರ ಬೆಲೆಯಲ್ಲ.

ಹಾಗಾಗಿ ಅಂತರ್ಜಾಲದ ಹರಾಜಿನ ಮೊರೆಹೋದೆ. ಇವುಗಳಲ್ಲಿ ಹೆಸರಾದ ಇ-ಬೇ 1995ರಲ್ಲಿ ಶುರುವಾದಾಗ ಅದರಲ್ಲಿ ಮಾರಾಟವಾದ ಮೊದಲ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಬೆಲೆ 14.83 ಡಾಲರ್! ಕೆಟ್ಟಿದೆಯೆಂದು ಗೊತ್ತಲ್ಲವೇ ಎಂದು ಕೇಳಿದ್ದಕ್ಕೆ, ಕೊಂಡವನು ತಾನು ಕೆಟ್ಟ ಪಾಯಿಂಟರುಗಳನ್ನೇ ಕೂಡಿಡುವವನು ಎಂದನಂತೆ. ನಮ್ಮಲ್ಲೂ ಅದರ ಶಾಖೆಯಿತ್ತು, ರೂಪಾಯಿಯಲ್ಲಿ ವ್ಯವಹಾರ ನಡೆಯುತ್ತಿತ್ತು, 2018ರಲ್ಲಿ ಮುಚ್ಚಿತು. ಈಗ ಕೊಳ್ಳುವುದೆಂದರೆ ಅಮೆರಿಕ, ಜಪಾನ್, ಜರ್ಮನಿಯವರಿಂದಲೇ. ನೇರವಾಗಿ ತರಿಸಿದರೆ ವಸ್ತುವಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ ಸುಂಕ ಬೀಳುತ್ತದೆ. ಬಳಸಿದ ವಸ್ತುವಾದ್ದರಿಂದ ಆಮದು ನಿಯಮಗಳ ತೊಡಕು ಬೇರೆ. ಕೂಗುವ ಮೊದಲೇ ಇದನ್ನೆಲ್ಲ ವಿಚಾರಿಸಿಕೊಳ್ಳಬೇಕು. ನ್ಯೂಜೆರ್ಸಿಯಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬ “ನಮ್ಮನೆ ವಿಳಾಸಕ್ಕೆ ತರಿಸಿ ಸರ್, ಊರಿಗೆ ಬರುವಾಗ ಬಿಲ್ಲಿನ ಸಮೇತ ತರ್ತೀನಿ” ಎಂದ. ಅವನು ಒಂದು ಬೇಸಗೆಯಲ್ಲಿ ತಂದ ‘ಕ್ರೌನ್ ಗ್ರಾಫಿಕ್’ ಎಂಬ ಕ್ಯಾಮೆರಾ ಮಸೂರವಿಲ್ಲದ ಬರೀ ಪೆಟ್ಟಿಗೆ. ಅಮೆರಿಕದ ಪತ್ರಿಕಾ ಛಾಯಾಗ್ರಾಹಕರು ಒಂದು ಕಾಲದಲ್ಲಿ ಕೈಯಲ್ಲಿ ಹಿಡಿದು ಓಡಾಡುತ್ತಿದ್ದ ಜಾತಿಯದು. ಇದರ ಅಣ್ಣನಾದ ‘ಸ್ಪೀಡ್ ಗ್ರಾಫಿಕ್’ನಲ್ಲೇ 1945ರಲ್ಲಿ ಜೋ ರೋಸೆಂತಾಲ್ ಇವೋ ಜಿಮಾದ ಬಾವುಟದ ಚಿತ್ರ ತೆಗೆದದ್ದು.

ತಿದಿಯ ಮೂಲೆಯಲ್ಲಿ ನಾಲ್ಕು ತೂತುಗಳಿದ್ದವು. ಕತ್ತಲೆ ಕೋಣೆಯಲ್ಲಿ ಒಳಗಿನಿಂದ ಟಾರ್ಚು ಬಿಟ್ಟರೆ ನಕ್ಷತ್ರಗಳಂತೆ ಮಿನುಗುತ್ತವೆ. ಬಿಡುವಂತಿಲ್ಲ, ಒಂದೊಂದು ತೂತೂ ಒಂದೊಂದು ಸೂಜಿರಂಧ್ರ ಕ್ಯಾಮೆರಾ ಅಲ್ಲವೇ? ಕರೆಯದೇ ಬಂದು ಫಿಲ್ಮಿನ ಮೇಲೆ ತನ್ನದೇ ಬೆಳಕು ಚೆಲ್ಲುತ್ತದೆ. ಪೇಟೆಯ ಹಾರ್ಮೋನಿಯಂ ರಿಪೇರಿಯವರು ತೆಳುವಾದ ಕಪ್ಪು ಬಟ್ಟೆ ಅಂಟಿಸಿ ನೂರು ರೂಪಾಯಿ ತೆಗೆದುಕೊಂಡರು. “ಇದಕ್ಕೆ ಸ್ವರ ಎಲ್ಲಿ ಸಾರ್?” ಎಂದು ಕೇಳಿದ್ದು ಪುಕ್ಕಟೆ. ತಿದಿಯ ತೂತು, ಕಿತ್ತುಹೋದ ಚರ್ಮ, ಒಡೆದ ಉಜ್ಜುಗಾಜು, ಇವೆಲ್ಲ ನೋಡಲು ಭಯಂಕರ. ಆದರೆ ಊರಲ್ಲೇ ಸರಿಹೋಗುವಂಥವು. ನೋಡಲು ಏನೂ ಕಾಣದ ರೋಗಗಳೇ ಬೇರೆ.

ಅದಕ್ಕೆ ಬರುವ ಮುನ್ನ ಹರಾಜಿನ ಬಗ್ಗೆ ಎರಡು ಮಾತು. ಜಾತ್ರೆ ಮುಗಿದ ಮೇಲೆ ದೇವರ ಹಣ್ಣುಕಾಯಿ ಸವಾಲು ಹಾಕುವುದನ್ನು ನೋಡಿದ್ದೀರಿ. ಒಂದು ಸಲ, ಎರಡು ಸಲ, ಮೂರು ಸಲ. ಯಾರಾದರೂ ಕೂಗುತ್ತಿರುವವರೆಗೆ ಮುಗಿಯದು. ಸಾಗರ, ಶಿರಸಿಯ ಅಡಿಕೆ ವ್ಯಾಪಾರದಲ್ಲಿ ಚೀಟಿಯಲ್ಲಿ ದರ ಬರೆದು ಹಾಕುವ ಟೆಂಡರ್ ಪದ್ಧತಿಯಿತ್ತು. ಒಬ್ಬರ ದರ ಇನ್ನೊಬ್ಬರಿಗೆ ಗೊತ್ತಾಗದು, ಹೆಚ್ಚು ಬರೆದವರು ಬರೆದಷ್ಟೇ ಕೊಡಬೇಕು. ಇ-ಬೇ ಇವೆರಡರ ನಡುವಿನದು. ನೀವು 200 ಎಂದು ಬರೆದರೂ ಅದು ಗುಟ್ಟಾಗಿಯೇ ಇರುತ್ತದೆ. ಎರಡನೆಯವರ ಗರಿಷ್ಠ 185 ಆಗಿದ್ದರೆ, ಒಂದು ಮೆಟ್ಟಿಲು ಮೇಲೆ, 187.50ಕ್ಕೆ ನಿಮ್ಮದು. ಎರಡನೆಯವರ ಬೆಲೆಯನ್ನು ಗೆದ್ದವರು ಕೊಡುವ ಇಂಥ ಹರಾಜಿನ ತರ್ಕವನ್ನು 1961ರಲ್ಲೇ ಬಿಡಿಸಿಟ್ಟವರು ವಿಲಿಯಂ ವಿಕ್ರಿ. ವಸ್ತು ನಿಮಗೆ ಎಷ್ಟು ಬೆಲೆಯದೋ ಅಷ್ಟನ್ನು ಪ್ರಾಮಾಣಿಕವಾಗಿ ಒಮ್ಮೆ ಬರೆದು ಸುಮ್ಮನಿದ್ದುಬಿಡುವುದೇ ಲಾಭ ಎಂಬುದು ಅವರ ಸಿದ್ಧಾಂತದ ತಿರುಳು. 1996ರಲ್ಲಿ ಅವರಿಗೆ ನೊಬೆಲ್ ಪ್ರಕಟವಾಯಿತು. ಮೂರೇ ದಿನಕ್ಕೆ ತೀರಿಕೊಂಡರು.

ಇಲ್ಲಿ ಕೊನೆಯ ಗಳಿಗೆ ಗಡಿಯಾರಕ್ಕೆ ಕಟ್ಟಿದ್ದು, ಕೂಗುವವರಿಗಾಗಿ ಕಾಯುವುದಿಲ್ಲ. ಹಾಗಾಗಿ ಪಳಗಿದವರು ಕೊನೆಯ ಐದಾರು ಸೆಕೆಂಡಿನಲ್ಲಿ ಕೂಗುತ್ತಾರೆ. ನನ್ನಂಥವರು ಅರ್ಧ ಗಂಟೆ ಮೊದಲೇ ಶುರುಮಾಡಿ, ‘ಇನ್ನೊಬ್ಬನಿಗೂ ಬೇಕಾಗಿದೆ ಎಂದಮೇಲೆ ಇದು ಒಳ್ಳೆಯದೇ ಇರಬೇಕು’ ಎಂದುಕೊಂಡು ಚೀಟಿ ಹರಿದೆಸೆಯುತ್ತೇವೆ. ತೈಲಕ್ಷೇತ್ರಗಳ ಹರಾಜನ್ನು ಅಭ್ಯಸಿಸಿದ ಅಮೆರಿಕದ ಮೂವರು ಪೆಟ್ರೋಲಿಯಂ ಎಂಜಿನಿಯರರು 1971ರಲ್ಲಿ ಇದನ್ನು ಬರೆದಿದ್ದಾರೆ. ಹತ್ತು ಜನ ಅಂದಾಜು ಮಾಡಿದಾಗ ಗೆಲ್ಲುವವನು ಅತಿ ಹೆಚ್ಚು ತಪ್ಪು ಅಂದಾಜು ಮಾಡಿದವನೇ ಆಗಿರುವ ಸಂಭವ ಹೆಚ್ಚು. ಇದಕ್ಕೆ ‘ಗೆದ್ದವನ ಶಾಪ’ ಎಂದೇ ಹೆಸರು.

ನನ್ನ ಶಾಪ ದೀಪಾವಳಿಗೆ ವಿಮಾನದಲ್ಲಿ ಬಂತು. ‘ಗಾಜು ಸ್ಫಟಿಕದಷ್ಟು ಸ್ವಚ್ಛ, ಷಟರ್ ಕ್ಲಿಕ್ ಎನ್ನುತ್ತದೆ’ ಎಂದು ಮಾರಿದವರು ಬರೆದಿದ್ದರು. ಸುಳ್ಳಲ್ಲ, ಕ್ಲಿಕ್ ಎಂದಿತು. ಆದರೆ ಒಂದು ಸೆಕೆಂಡಿಗೆ ಇಟ್ಟರೆ ತೆರೆದ ಬಾಯಿ ತೆರೆದೇ ಇರುತ್ತಿತ್ತು. ಮಸೂರದ ಹಿಂದಿನಿಂದ ಟಾರ್ಚು ಬಿಟ್ಟು ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಮೇಲೆ ಜೇಡರಬಲೆ! ಬೂಷ್ಟು. ಮಲೆನಾಡಿನವರಿಗೆ ಇದರ ಪರಿಚಯ ಹೇಳಬೇಕಿಲ್ಲ, ಮಳೆಗಾಲದಲ್ಲಿ ಚಪ್ಪಲಿಯನ್ನೂ ಬಿಡುವುದಿಲ್ಲ. ಗಾಜಿನ ಮೇಲಿನ ಧೂಳು, ಬೆರಳಿನ ಜಿಡ್ಡು ತಿಂದು ಬೆಳೆಯುವ ಅದು ಆಮ್ಲ ಸೂಸುತ್ತದೆ. ಬೇಗ ಕಂಡರೆ ಒರೆಸಿ ತೆಗೆಯಬಹುದು. ತಡವಾದರೆ ಆಮ್ಲ ಗಾಜಿನ ಲೇಪನವನ್ನು ತಿಂದಿರುತ್ತದೆ. ಬೂಷ್ಟು ಹೋದರೂ ಅದರ ಗುರುತು ಹೋಗದು. ನನ್ನದು ಎರಡನೆಯ ಬಗೆ. ವಾಪಸು ಕಳಿಸೋಣವೆಂದರೆ ಅದಕ್ಕೆ ಕೊಟ್ಟಿದ್ದು 30 ದಿನ. ಪೆಟ್ಟಿಗೆ ನ್ಯೂಜೆರ್ಸಿಯ ಕಪಾಟಿನಲ್ಲಿ ನೂರು ದಿನ ಮಲಗಿತ್ತು. ಗುರುಗಳ ಸಾಮಾನೆಂದು ಶಿಷ್ಯ ಭಕ್ತಿಯಿಂದ ಬಿಚ್ಚಿಯೇ ಇರಲಿಲ್ಲ!

ಬೆಂಗಳೂರಿನ ದುರಸ್ತಿಯವರೊಬ್ಬರಿಗೆ ಷಟರ್ ಕಳಿಸಿದೆ. ಜನವರಿ ಹೋಯಿತು, ಫೆಬ್ರವರಿ ಹೋಯಿತು, ಬಿಡಿಭಾಗ ಸಿಗುವುದಿಲ್ಲವೆಂದು ವಾಪಸು ಬಂತು. ಅಷ್ಟರಲ್ಲಿ ಹತ್ತನೇ ತರಗತಿಯ ಬೀಳ್ಕೊಡುಗೆ. ಹಳೆಯ ಸ್ಟುಡಿಯೋದವರು ಮಾಡುತ್ತಿದ್ದಂತೆ ಮಸೂರದ ಟೋಪಿ ತೆಗೆದು, ‘ಒಂದು, ಎರಡು’ ಎಣಿಸಿ, ಮುಚ್ಚೋಣವೆಂದುಕೊಂಡೆ. ಹೊಂಗೆಮರದ ನೆರಳಲ್ಲಿ ಹನ್ನೊಂದು ಮಕ್ಕಳನ್ನು ನಿಲ್ಲಿಸಿದೆ. ಎರಡು ಸೆಕೆಂಡು ಅಲುಗಬೇಡಿ ಎಂದರೆ ನಗು ತಡೆಯುವುದು ಹದಿನೈದರ ಮಕ್ಕಳಿಗೆ ಸಾಧ್ಯವೇ? ತೆಗೆದದ್ದು ಎರಡು ಹಾಳೆ. ಎರಡರಲ್ಲೂ ಹತ್ತು ಮಸುಕು ಮುಖಗಳು, ಜೊತೆಗೆ ಕೊನೆಯಲ್ಲಿ ಸೆಟೆದು ನಿಂತ ಒಬ್ಬ ಹುಡುಗ, ಅವನ ಅಂಗಿಯ ಗುಂಡಿಯೂ ಕಾಣುವಷ್ಟು ಸ್ಪಷ್ಟ. ಮರುದಿನ ಮತ್ತೊಮ್ಮೆ ತೆಗೆಯೋಣವೆಂದರೆ ಮಕ್ಕಳು ಓದಿನ ರಜೆಗೆ ಚದುರಿಹೋಗಿದ್ದರು. ಅದರಲ್ಲಿ ಇಬ್ಬರು ಹುಡುಗಿಯರ ಮನೆಯವರು ಆ ಬೇಸಗೆಯಲ್ಲೇ ಊರು ಬಿಟ್ಟರು. ಆ ತಂಡದ ಚಿತ್ರ ಗೋಡೆಯ ಮೇಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕುಟುಕಿತು. ನಾನು ಆ ಮಸೂರಕ್ಕೆ ಹೊಡೆದಾಡಿದ ವಾರವೇ ಅದೇ ಅಳತೆಯ ಇನ್ನೊಂದು ಹರಾಜಿಗಿತ್ತು. ಮಾರುವವರು ಹತ್ತಿರದಿಂದ ತೆಗೆದ ಎಂಟು ಚಿತ್ರ ಹಾಕಿ, ‘ಅಂಚಿನಲ್ಲಿ ಬಿಳಿ ಚುಕ್ಕೆಗಳಿವೆ, ಗಮನಿಸಿ’ ಎಂದು ತಾವೇ ಬರೆದಿದ್ದರು. ನಾನು ಚುಕ್ಕೆ ನೋಡಿ ಮುಂದೆ ಹೋದೆ. ಅದು 95 ಡಾಲರಿಗೆ ಹೋಯಿತು. ಆಮೇಲೆ ಓದಿ ತಿಳಿದೆ: ಜರ್ಮನಿಯ ಶ್ನೈಡರ್ ಕಂಪನಿಯ ಹಳೆಯ ಮಸೂರಗಳಲ್ಲಿ ಇದು ಬಹಳ ಸಾಮಾನ್ಯ. ಗಾಜಿನ ಅಂಚಿಗೆ ಬಳಿದ ಕಪ್ಪು ಬಣ್ಣ ಅಲ್ಲಲ್ಲಿ ಎದ್ದು ಚುಕ್ಕೆಗಳಂತೆ ಕಾಣುತ್ತದೆ, ಚಿತ್ರಕ್ಕೆ ಏನೂ ಬಾಧೆಯಿಲ್ಲ. ಮೇಷ್ಟರಾಗಿ ಇಷ್ಟು ವರ್ಷ ಪ್ರಯೋಗದ ಪುಸ್ತಕ ತಿದ್ದಿದವನು, ಕಲೆಯಿರುವ ಪುಸ್ತಕ ಬಿಟ್ಟು ದುಂಡಾದ ಅಕ್ಷರಕ್ಕೆ ಅಂಕ ಕೊಟ್ಟಿದ್ದೆ.

ಅಂದಿನಿಂದ ಈ ವರ್ಣನೆಗಳ ಭಾಷೆಯನ್ನು ಪಾಠದಂತೆ ಓದತೊಡಗಿದೆ. ‘ಪರೀಕ್ಷಿಸಿಲ್ಲ’ ಎಂದರೆ ಹೆಚ್ಚಾಗಿ ಪರೀಕ್ಷಿಸಿದ್ದಾರೆ, ಕೆಲಸ ಮಾಡಲಿಲ್ಲ ಎಂದೇ ತಿಳಿಯಬೇಕು. ‘ನನಗೆ ಕ್ಯಾಮೆರಾ ಬಗ್ಗೆ ಗೊತ್ತಿಲ್ಲ, ತಾತನ ಸಾಮಾನು’ ಎಂಬಲ್ಲಿ ಕೆಲವೊಮ್ಮೆ ನಿಜವಾಗಿ ತಾತನಿರುತ್ತಾನೆ, ಕೆಲವೊಮ್ಮೆ ಮೊಮ್ಮಗನೇ ವ್ಯಾಪಾರಿ. ಜಪಾನಿನವರು ‘ಎಕ್ಸಲೆಂಟ್’ ಎಂದು ಬರೆದು ಮುಂದೆ ಐದು ಪ್ಲಸ್ ಹಾಕುತ್ತಾರೆ. ನಮ್ಮ ಇಲಾಖೆಯಲ್ಲಿ ‘ಎ ಪ್ಲಸ್’ ಆದಮೇಲೆ ಆಕಾಶ. ಅಲ್ಲಿ ಐದು ಪ್ಲಸ್ ಎಂದರೆ ಸಾಧಾರಣ. ಆದರೆ ಕೆಳಗೆ ‘ಸ್ವಲ್ಪ ಬೂಷ್ಟಿದೆ’, ‘ತೆಳು ಮಂಜಿದೆ’ ಎಂದು ಸಣ್ಣಕ್ಷರದಲ್ಲಿ ಬರೆದಿರುವವರೂ ಅವರಲ್ಲಿ ಬಹಳ ಜನ. ಓದುವ ತಾಳ್ಮೆ ನಮಗಿರಬೇಕಷ್ಟೆ.

ಅಳತೆಯ ಮೋಸವೂ ಉಂಟು, ಆದರೆ ಅದು ನಮ್ಮ ಅಜ್ಞಾನದ್ದು. 4×5 ಹಾಳೆಯ ಚಿತ್ರದ ಕರ್ಣ 153 ಮಿಲಿಮೀಟರ್. ಮಸೂರ ಬೀರುವ ದುಂಡು ಬೆಳಕು ಕನಿಷ್ಠ ಅಷ್ಟಾದರೂ ಅಗಲವಿರಬೇಕು. ಇಲ್ಲದಿದ್ದರೆ ನಾಲ್ಕು ಮೂಲೆಯೂ ಕಪ್ಪು. ಷಟರ್ ಇಲ್ಲದ ಬರಿಯ ಕೊಳವೆಯ ಮಸೂರಗಳು ಅಗ್ಗವೆಂದು ಕೊಂಡರೆ ಮತ್ತೆ ಟೋಪಿಯೇ ಗತಿ. ಹಳದಿಗಟ್ಟಿದ ಮಸೂರ ಕಂಡರೆ ಮಾತ್ರ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದು ಕೂರುತ್ತಾನೆ. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಚಿತ್ರ ತೆಗೆಯಲು ಕೊಡಕ್ ಮಾಡಿದ ‘ಏರೋ ಎಕ್ಟಾರ್’ನ ಗಾಜಿನಲ್ಲಿ ಥೋರಿಯಂ ಇದೆ. ಅರ್ಧಾಯುಷ್ಯ 1,400 ಕೋಟಿ ವರ್ಷ! ಅದರ ವಿಕಿರಣದಿಂದಲೇ ಗಾಜು ಹಳದಿಯಾಗುತ್ತದೆ, ನೇರಳಾತೀತ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ತಿಳಿಯಾಗುತ್ತದೆ. ತರಗತಿಗೆ ತರುವ ಆಸೆಯಿತ್ತು. “ಮನೆಯೊಳಗೆ ಅದು ಬಂದ ದಿನ ನಾನು ತವರಿಗೆ” ಎಂದಳು ನನ್ನಾಕೆ.

2023ರ ಆಗಸ್ಟಿನಲ್ಲಿ ಎರಡನೆಯ ಸಲ ಕೊಂಡದ್ದು ಬೇರೆ ರೀತಿ. ಕೂಗುವ ಮೊದಲು ಮಾರುವವರಿಗೆ ಬರೆದೆ: ಹಿಂದಿನಿಂದ ಟಾರ್ಚು ಬಿಟ್ಟ ಒಂದು ಚಿತ್ರ ಕಳಿಸಬಹುದೇ? ಒಂದು ಸೆಕೆಂಡಿನ ವೇಗದಲ್ಲಿ ಷಟರ್ ತಾನಾಗಿ ಮುಚ್ಚುತ್ತದೆಯೇ? ಇಬ್ಬರು ಉತ್ತರಿಸಲಿಲ್ಲ, ಅದೂ ಉತ್ತರವೇ. ಮೂರನೆಯವರು ಎರಡು ಚಿತ್ರ ಕಳಿಸಿದರು, ಅಂಚಿನಲ್ಲಿ ಬಿಳಿ ಚುಕ್ಕೆ ಇದ್ದವು! ಚೀಟಿಯಲ್ಲಿ ಬರೆದಷ್ಟನ್ನೇ ಬರೆದು ಮಲಗಿದೆ. ಬೆಳಗ್ಗೆ ನೋಡಿದರೆ 102.50ಕ್ಕೆ ಬಂದಿತ್ತು.

ಪೆಟ್ಟಿಗೆ ತಲುಪಿದ ದಿನವೇ ಶಿಷ್ಯನಿಗೆ ವಿಡಿಯೋ ಕರೆಯಲ್ಲಿ ಪ್ರಾಯೋಗಿಕ ಪರೀಕ್ಷೆ. ದೀಪ ಆರಿಸಿದ, ಟಾರ್ಚು ಹಿಡಿದ, ಗಾಜನ್ನು ಓರೆಮಾಡಿ ತೋರಿಸಿದ. ಷಟರನ್ನು ಒಂದೊಂದು ವೇಗಕ್ಕೂ ಮೂರು ಮೂರು ಸಲ ಹೊಡೆದು ಸದ್ದನ್ನು ಫೋನಿನಲ್ಲಿ ದಾಖಲಿಸಿ ಕಳಿಸಿದ. ಅದನ್ನು ಕಂಪ್ಯೂಟರಿನಲ್ಲಿ ಹಾಕಿದರೆ ತೆರೆದ ಸದ್ದು, ಮುಚ್ಚಿದ ಸದ್ದು ಎರಡೂ ಬೆಟ್ಟದ ತುದಿಗಳಂತೆ ಕಾಣುತ್ತವೆ. ನಡುವಿನ ಕಾಲವನ್ನು ನನ್ನ ಒಂಬತ್ತು ಮಕ್ಕಳು ಅಳೆದರು. ಒಂದು ಸೆಕೆಂಡು ಎಂದಿದ್ದುದು 1.1, ಎಂಟನೇ ಒಂದು, ಅಂದರೆ 0.125 ಎಂದಿದ್ದುದು 0.14. “ಪಾಸು ಸರ್” ಎಂದಳು ಅಳತೆ ಬರೆದುಕೊಳ್ಳುತ್ತಿದ್ದ ಹುಡುಗಿ. ಸರಾಸರಿ ತೆಗೆಯುವುದನ್ನು ಅವರು ಅಷ್ಟು ಆಸೆಯಿಂದ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಫಿಲ್ಮಿನ ಹಾಳೆ ದುಬಾರಿ. ಆಸ್ಪತ್ರೆಯ ಎಕ್ಸ್-ರೇ ಫಿಲ್ಮು ಅದಕ್ಕಿಂತ ಎಷ್ಟೋ ಅಗ್ಗ. 8×10 ಇಂಚಿನದನ್ನು ಕೆಂಪು ದೀಪದಲ್ಲಿ ನಾಲ್ಕು ಮಾಡಿ, ಹೋಲ್ಡರಿನಲ್ಲಿ ಕೂರಲು ಪ್ರತಿ ಬದಿಯಲ್ಲೂ ಒಂದೆರಡು ಮಿಲಿಮೀಟರ್ ಸವರಿದರಾಯಿತು. ಎರಡೂ ಕಡೆ ಲೇಪನವಿರುವುದರಿಂದ ಉಗುರು ತಾಗಿದರೆ ಗೀರು. ಕೆಂಪು ಬಣ್ಣ ಅದಕ್ಕೆ ಕಾಣದಾದ್ದರಿಂದ ನಮ್ಮ ಮಕ್ಕಳ ಮೈಬಣ್ಣ ಇನ್ನೊಂದಿಷ್ಟು ಕಪ್ಪಾಗಿ ಬರುತ್ತದೆ. ಅದಕ್ಕೊಬ್ಬ ಹುಡುಗ ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ.

2024ರ ಫೆಬ್ರವರಿಯಲ್ಲಿ ಅದೇ ಹೊಂಗೆಮರದ ಕೆಳಗೆ ಒಂಬತ್ತು ಜನರ ಚಿತ್ರ ತೆಗೆದೆ. ಅದಕ್ಕೂ ಮೊದಲು ಒಬ್ಬೊಬ್ಬರೂ ಕಪ್ಪುಬಟ್ಟೆಯೊಳಗೆ ತಲೆ ತೂರಿಸಿ, ಉಜ್ಜುಗಾಜಿನ ಮೇಲೆ ತಲೆಕೆಳಗಾಗಿ ನಿಂತ ಗೆಳೆಯರನ್ನು ನೋಡಿ ಕಿರುಚಿದರು. ಪೀನ ಮಸೂರದ ಪಾಠದಲ್ಲಿ ಕಿರಣಚಿತ್ರ ಬರೆಸಿ ಬರೆಸಿ ನಾನು ಹೇಳುತ್ತಿದ್ದ ‘ನೈಜ, ತಲೆಕೆಳಗಾದ ಪ್ರತಿಬಿಂಬ’ ಅದೇ. ಹೊರಬಂದ ಒಬ್ಬಳು, “ಸರ್, ಇದು ಪುಸ್ತಕದಲ್ಲಿರೋದೇನಾ?” ಎಂದಳು.

ಈ ಸಲ ಹತ್ತನೇ ತರಗತಿಯಲ್ಲಿ ಏಳು ಮಕ್ಕಳಿದ್ದಾರೆ. ಇವರನ್ನು ಮರದ ಕೆಳಗೆ ನಿಲ್ಲಿಸದೆ, ಕರಿಹಲಗೆಯ ಸಮೇತ ತರಗತಿಯೊಳಗೇ ತೆಗೆಯಬೇಕೆಂದಿದೆ. ಅದಕ್ಕೆ 90 ಮಿಲಿಮೀಟರಿನ ಅಗಲನೋಟದ ಮಸೂರ ಬೇಕು. ಒಂದು ಹರಾಜಿಗೆ ಬಂದಿದೆ. ಲೋಹದ ಅಂಚು ಒಂದು ಕಡೆ ಜಜ್ಜಿದೆಯೆಂದು ಮಾರುವವರೇ ಚಿತ್ರ ಹಾಕಿದ್ದಾರೆ. ಟಾರ್ಚಿನ ಚಿತ್ರವೂ ಬಂದಿದೆ, ಗಾಜು ತಿಳಿಯಾಗಿದೆ. 110 ಡಾಲರ್ ಎಂದು ಬರೆದಿಟ್ಟಿದ್ದೇನೆ. ಮುಗಿಯುವುದು ನಮ್ಮ ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ. ಆರು ಗಂಟೆಗೆ ಹಾಲು ತರಲು ಏಳುತ್ತೇನಲ್ಲ, ಆಗ ನೋಡಿದರಾಯಿತು.